ಖಾಲಿ ಬಸ್ಸಿನ ರಟ್ಟುಪಟ್ಟಿಗಳು

ಹದಿನೇಳನೇ ನಂಬರ್ ಬಸ್ಸನ್ನು ನಿಲ್ಲಿಸಿದ ವಾಕ್ಯ ಬರೆದವಳು ಅವಳೇ. 'ಈ ಬಸ್ಸು ಮುಖ್ಯವಾಗಿ ಗಾಳಿಯನ್ನು ಹೊತ್ತು ಸಾಗುತ್ತಿದೆ.'

ಸಾರಿಗೆ ಇಲಾಖೆಯ ಎರಡನೇ ಮಹಡಿಯಲ್ಲಿ ಅವಳದು ಅಂಕಿಅಂಶ ಸಹಾಯಕಿಯ ಕೆಲಸ. ಯಾವ ಬಸ್ಸು ಎಷ್ಟು ಡೀಸೆಲ್ ಕುಡಿಯಿತು, ಎಷ್ಟು ಜನರನ್ನು ಸಾಗಿಸಿತು, ಒಬ್ಬೊಬ್ಬರ ತಲೆಗೆ ಎಷ್ಟು ಇಂಗಾಲ ಬಿತ್ತು ಎಂದು ಕೂಡಿ ಭಾಗಿಸಿ ಮೇಲಕ್ಕೆ ಕಳಿಸಬೇಕು. ಆಫೀಸಿನಲ್ಲಿ ಅವಳಿಗೆ 'ಹೊಗೆಯಮ್ಮ' ಎಂದೇ ಹೆಸರು. ಮೆಟ್ಟಿಲ ಬಳಿ ಸಿಗರೇಟು ಹಚ್ಚಿ ನಿಂತ ಡ್ರೈವರುಗಳು ಅವಳು ಹಾದುಹೋಗುವಾಗ, "ಇದನ್ನೂ ಬರ್ಕೊಳ್ಳಿ ಹೊಗೆಯಮ್ಮ, ಒಂದು ಸಿಗರೇಟು, ಇಬ್ಬರ ಪಾಲು" ಎನ್ನುತ್ತಿದ್ದರು. ಅವಳೂ ನಗುತ್ತಿದ್ದಳು.

ಪ್ರತಿ ಸುತ್ತಿಗೂ ಎಷ್ಟು ಟಿಕೆಟ್ ಹೋಯಿತೆಂದು ಕಂಡಕ್ಟರು ಬರೆದು ಸಹಿ ಹಾಕುವ ಹಾಳೆಗೆ ಟ್ರಿಪ್ ಶೀಟ್ ಎನ್ನುತ್ತಾರೆ. ಹದಿನೇಳರ ಶೀಟುಗಳಲ್ಲಿ ಬೆಳಗಿನ ಸುತ್ತಿಗೆ ನಾಲ್ಕು ಟಿಕೆಟ್, ಸಂಜೆಯದಕ್ಕೂ ನಾಲ್ಕು, ಅಪರೂಪಕ್ಕೆ ಐದು. ಐವತ್ತು ಸೀಟಿನ ಬಸ್ಸು ಅದು. ತಲೆಗೆ ಮೂರು ಕಿಲೋಗೂ ಮೇಲೆ ಇಂಗಾಲ. ಜಿಲ್ಲೆಯ ನೂರಾ ಹನ್ನೆರಡು ಮಾರ್ಗಗಳಲ್ಲಿ ಎಲ್ಲಕ್ಕಿಂತ ಕೊಳಕು ಮಾರ್ಗ ಅದೇ ಆಗಿತ್ತು.

ಪ್ರತಿ ಶೀಟಿನ ಕೆಳಗಿದ್ದ ಸಹಿ ಅವಳ ಅಪ್ಪನದು.

ಅಪ್ಪನ ಬಸ್ಸೆಂದು ಕಣ್ಣು ಮುಚ್ಚಿಕೊಂಡರೆ ನಾಳೆ ಯಾರ ಬಸ್ಸಿನ ಮುಂದೆ ಕಣ್ಣು ತೆರೆಯಲಿ ಎಂದು ಅವಳಿಗೆ ಅನಿಸಿತ್ತು. ಆಗ ಅಷ್ಟು ಹೆಮ್ಮೆ ಇತ್ತು. ಅಪ್ಪನಿಗಾಗಿ ಅವಳು ಮಾಡಿದ್ದು ಒಂದೇ ಉಪಕಾರ. ಬಸ್ಸು ನಿಲ್ಲುವ ದಿನಾಂಕವನ್ನು ಅವನ ನಿವೃತ್ತಿಯ ಮರುದಿನಕ್ಕೆ ಇಟ್ಟಳು. ಉಪನಿರ್ದೇಶಕರು ಆ ವಾಕ್ಯವನ್ನು ಎರಡು ಸಲ ಓದಿ ಬೆನ್ನು ತಟ್ಟುವಂತೆ ತಲೆ ಆಡಿಸಿದರು. "ಅಂಕಿ ಎಲ್ಲರೂ ಬರೀತಾರಮ್ಮ. ಅಂಕಿಗೆ ನಾಲಿಗೆ ಕೊಡೋರು ಕಮ್ಮಿ."

ಹದಿನೇಳರ ಜೊತೆ ಇನ್ನೂ ಹದಿನೆಂಟು ಮಾರ್ಗಗಳು ನಿಂತವು. ವಾರ್ಷಿಕ ವರದಿ ದಪ್ಪ ರಟ್ಟಿನ ಹೊದಿಕೆಯಲ್ಲಿ ಬಂತು. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ: 'ಸಾರಿಗೆ: ಹೊಗೆಯಲ್ಲಿ ಶೇಕಡ ಹನ್ನೊಂದು ಇಳಿಕೆ.' ಮಿಕ್ಕ ಪ್ರತಿಗಳ ಕಟ್ಟು ಅವಳ ಮೇಜಿನ ಕೆಳಗೆ, ಕಾಲಿಗೆ ತಾಗುವ ಹಾಗೆ ಬಿದ್ದುಕೊಂಡಿತು.

ಮೂರು ತಿಂಗಳಾದ ಮೇಲೆ ಒಂದು ಮುಂಜಾನೆ, ಕಾಲುವೆಯ ತಿರುವಿನಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ಮಗುಚಿತು. ಕೂಡುರಸ್ತೆಯಿಂದ ಒಂಬತ್ತು ಕಿಲೋಮೀಟರ್ ಆಚೆಯ ತರಕಾರಿ ಫಾರಂಗಳಿಗೆ ಕೆಲಸಕ್ಕೆ ಹೋಗುವ ಹೆಂಗಸರು, ಮೂವತ್ತೆಂಟು ಜನ, ಅದರಲ್ಲಿ ನಿಂತಿದ್ದರು. ಐವರು ಸತ್ತರು. ಪತ್ರಿಕೆಯಲ್ಲಿ ಬಂದ ಪಟ್ಟಿಯಲ್ಲಿ ನಾಲ್ಕನೆಯವಳು ಅವಳ ಚಿಕ್ಕಮ್ಮ.

ಅಮ್ಮ ಹೋದಾಗ ಅವಳಿಗೆ ಆರು ವರ್ಷ. ಅಂದಿನಿಂದ ಪಕ್ಕದ ಮನೆಯ ಚಿಕ್ಕಮ್ಮನೇ ತಲೆ ಬಾಚಿದಳು, ಪಾಠ ಒಪ್ಪಿಸಿಕೊಂಡಳು, ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಹೋಗುವ ದಿನ ಪೆಟ್ಟಿಗೆಗೆ ಹಗ್ಗ ಕಟ್ಟಿಕೊಟ್ಟಳು. ಚಿಕ್ಕಮ್ಮ ಫಾರಂಗೆ ಅಪ್ಪನ ಬಸ್ಸಿನಲ್ಲೇ ಹೋಗುವುದು ಅವಳಿಗೆ ಗೊತ್ತಿತ್ತು. ಶೀಟಿನ ಆ ನಾಲ್ಕು ಟಿಕೆಟುಗಳಲ್ಲಿ ಒಂದು ಚಿಕ್ಕಮ್ಮನದು ಎಂದುಕೊಂಡಿದ್ದಳು. ಹೇಗೂ ವಯಸ್ಸಾಯಿತು, ಬಸ್ಸು ನಿಂತರೆ ಕೆಲಸ ಬಿಟ್ಟು ಮನೆಯಲ್ಲಿರುತ್ತಾಳೆ ಎಂದೂ ಅಂದುಕೊಂಡಿದ್ದಳು.

ಅವಳು ಅಳಲಿಲ್ಲ. ನಾಲ್ಕು ದಿನಕ್ಕೆ ರಜೆ ಬರೆದಳು. ಕಾರಣ ಎಂದು ಕೇಳಿದ ಜಾಗದಲ್ಲಿ 'ಚಿಕ್ಕಮ್ಮ' ಎಂದಷ್ಟೇ ಬರೆದಳು.

ಪತ್ರಿಕೆಗಳು ಬಾಯಿ ಮಾಡಿದವು. ತಿಂಗಳು ಕಳೆಯುವಷ್ಟರಲ್ಲಿ ಶಾಸನಸಭೆಯ ಹೊಣೆಗಾರಿಕೆ ಸಮಿತಿ ಮೂರು ಇಲಾಖೆಗಳನ್ನು ಕರೆಯಿತು. ಬಸ್ಸು ನಿಲ್ಲಿಸಿದ ಸಾರಿಗೆ, ಟ್ರ್ಯಾಕ್ಟರಿಗೂ ಅದರ ಡೀಸೆಲ್ಲಿಗೂ ಸಹಾಯಧನ ಕೊಟ್ಟ ಕೃಷಿ, ಹೊಗೆ ಇಳಿಯಿತೆಂದು ಸಾರಿದ ಪರಿಸರ. ವಿಚಾರಣೆ ಮುಂದಿನ ಗುರುವಾರಕ್ಕೆ ನಿಗದಿಯಾಯಿತು.

"ನೀನು ಏನೂ ಹೆದರ್ಕೋಬೇಡ," ಉಪನಿರ್ದೇಶಕರು ಅಂದರು. "ಶೀಟು ಓದು, ಕೂತ್ಕೋ. ಟ್ರೇಲರ್ ನಮ್ಮ ಕಾಲಮ್ಮಿನಲ್ಲಿ ಬರೋದೇ ಇಲ್ಲ. ಅದು ಕೃಷಿ."

"ಕೃಷಿಯೋರು ಏನಂತಾರೆ ಸಾರ್?"

"ಅವರ ಹೊಗೆ ಎಕರೆ ಲೆಕ್ಕದಲ್ಲಿ. ಉತ್ತ ಭೂಮಿ ಎಷ್ಟೋ ಅಷ್ಟು. ರಸ್ತೆ ಮೇಲೆ ಓಡಿದ ಟ್ರ್ಯಾಕ್ಟರ್ ಅವರಲ್ಲೂ ಬರಲ್ಲ."

"ಹಾಗಾದ್ರೆ ಆ ಹೊಗೆ ಎಲ್ಲಿ ಹೋಯ್ತು?"

ಉಪನಿರ್ದೇಶಕರು ಕಡತ ಮುಚ್ಚಿದರು. "ಮನೆಗೆ ಹೋಗಿ ಎರಡು ದಿನ ರೆಸ್ಟ್ ತಗೋಮ್ಮ," ಅಂದರು.

*

ಶನಿವಾರ ಸಂಜೆ ಹೆದ್ದಾರಿಯ ಬಸ್ಸಿನಲ್ಲಿ ಬಂದು ಕೂಡುರಸ್ತೆಯಲ್ಲಿ ಇಳಿದಳು. ಅಪ್ಪನ ಮನೆ ಅಲ್ಲೇ, ಟೈರ್ ಅಂಗಡಿಯ ಹಿಂದೆ. ಚಿಕ್ಕಮ್ಮನ ಬಾಗಿಲಿಗೆ ಬೀಗ ಹಾಕಿತ್ತು. ಹೊರಗೆ ಅವಳ ರಬ್ಬರ್ ಬೂಟುಗಳನ್ನು ಯಾರೋ ತೊಳೆದು ಬೋರಲು ಹಾಕಿದ್ದರು. ಅಪ್ಪ ಸೂಪು ಬಿಸಿ ಮಾಡಿಕೊಟ್ಟ, ಮಂಚ ಬಿಟ್ಟುಕೊಟ್ಟು ತಾನು ಬೆಂಚಿನ ಮೇಲೆ ಮಲಗಿದ. ಗೋಡೆಯ ಮೇಲೆ ಇಲಾಖೆ ನಿವೃತ್ತಿಯ ದಿನ ಕೊಟ್ಟ ಗಡಿಯಾರವಿತ್ತು. ಅದರ ಕೆಳಗೆ ಚಿಕ್ಕ ತಗಡು: 'ಮೂವತ್ತೊಂದು ವರ್ಷ, ದೂರುರಹಿತ ಸೇವೆ.'

ಬೆಳಿಗ್ಗೆ ಎಚ್ಚರವಾದಾಗ ಬೆಂಚು ಖಾಲಿ. ಹೊರಗಿನಿಂದ ಎಂಜಿನ್ ಸದ್ದು ಕೇಳುತ್ತಿತ್ತು. ಕೋಟು ಹಾಕಿಕೊಂಡು ಹೊರಬಂದಳು.

ಕೂಡುರಸ್ತೆಯ ದೀಪದ ಕಂಬದ ಬಳಿ ಎರಡು ಟ್ರ್ಯಾಕ್ಟರುಗಳು ಹೊಗೆ ಉಗುಳುತ್ತ ನಿಂತಿದ್ದವು. ಅಪಘಾತಕ್ಕೆ ಮುಂಚೆ ಒಂದೇ ಬರುತ್ತಿತ್ತಂತೆ. ಹೆಂಗಸರು ಚಕ್ರಕ್ಕೆ ಕಾಲು ಕೊಟ್ಟು, ಒಬ್ಬರ ಕೈ ಒಬ್ಬರು ಹಿಡಿದು ಟ್ರೇಲರ್ ಹತ್ತುತ್ತಿದ್ದರು. ಅಪ್ಪ ಪಕ್ಕದಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಉದ್ದನೆಯ ರಟ್ಟಿನ ಪಟ್ಟಿ. ಇನ್ನೊಂದರಲ್ಲಿ, ಯಂತ್ರದ ಟಿಕೆಟ್ ಬರುವ ಮುಂಚೆ ಕಂಡಕ್ಟರುಗಳು ಟಿಕೆಟ್ ತೂತು ಮಾಡುತ್ತಿದ್ದ ಇಕ್ಕಳ. ಒಬ್ಬಳು ಹತ್ತಿದರೆ ಒಂದು ತೂತು. ಟಿಕ್. ಇನ್ನೊಬ್ಬಳು, ಟಿಕ್.

"ಕಾಲು ನೋಡ್ಕೊಂಡು ಹತ್ತಿ. ಇಪ್ಪತ್ತೆಂಟು... ಏಯ್, ನೀನು ಇವತ್ತೂ ಜ್ವರ ಇಟ್ಕೊಂಡೇ ಹೊರಟ್ಯಾ?"

"ಜ್ವರಕ್ಕೂ ಒಂದು ತೂತು ಹಾಕ್ಬಿಡಿ ರೈಟಣ್ಣ, ಇಬ್ಬರೂ ಹೋಗ್ತಿದೀವಿ."

ಮೂವತ್ತೊಂದು ವರ್ಷ 'ರೈಟ್, ರೈಟ್' ಎಂದು ಬಸ್ಸು ಬಿಡಿಸಿದ್ದಕ್ಕೆ ಅಪ್ಪನಿಗೆ ಆ ಹೆಸರು ಬಂದಿತ್ತು.

ಟ್ರೇಲರಿನ ಹಿಂಬದಿಯಲ್ಲಿ, ಕೈಗೆ ಬ್ಯಾಂಡೇಜು ಕಟ್ಟಿದ್ದ ದಪ್ಪ ಹೆಂಗಸೊಬ್ಬಳು ಅವಳನ್ನು ನೋಡಿದಳು. ಬಾಯಿ ಮುಚ್ಚುವುದೇ ಇಲ್ಲವೆಂದು ಎಲ್ಲರೂ ಆ ಹೆಂಗಸನ್ನು ರೇಡಿಯೋ ಎಂದು ಕರೆಯುತ್ತಿದ್ದರು.

"ಓಹೋ, ಆಫೀಸಿನೋರು ಬಂದ್ರು! ಎಲ್ಲರೂ ಉಸಿರು ಬಿಗಿಹಿಡೀರೇ, ಹೊಗೆ ಲೆಕ್ಕ ಹಾಕ್ತಾರೆ."

ಒಂದಿಬ್ಬರು ನಕ್ಕರು. ಅಪ್ಪ, "ಸುಮ್ನಿರೇ" ಅಂದ.

"ಸುಮ್ನಿದ್ದೇ ನಾಲ್ಕು ತಿಂಗಳಾಯ್ತು ರೈಟಣ್ಣ. ಒಂದು ಮಾತು ಕೇಳ್ತೀನಿ ತಂಗಿ, ಕೋಪ ಮಾಡ್ಕೋಬೇಡ. ಬಸ್ಸು ಗಾಳಿ ಹೊತ್ಕೊಂಡು ಹೋಗ್ತಿತ್ತು ಅಂತ ಬರ್ದ್ಯಂತೆ. ನಾನು ಗಾಳಿನಾ? ತೊಂಬತ್ತು ಕಿಲೋ ಇದೀನಿ."

"ನೀವು ಬಸ್ಸಲ್ಲಿ ಹೋಗ್ತಿದ್ರಾ?"

"ಮತ್ತೆ ಹಾರ್ಕೊಂಡು ಹೋಗ್ತಿದ್ವಾ? ಫಾರಂ ಶುರು ಆದಾಗಿಂದ, ಎಂಟು ವರ್ಷ. ಬಸ್ಸು ತುಂಬ ನಾವೇ ಇರ್ತಿದ್ವಿ. ನಿಮ್ಮ ಚಿಕ್ಕಮ್ಮಂದು ಡ್ರೈವರ್ ಹಿಂದಿನ ಕಿಟಕಿ ಸೀಟು. ಯಾರಾದ್ರೂ ಕೂತ್ರೆ ನೋಡ್ಬೇಕಿತ್ತು, ಆಸ್ತಿ ಕಿತ್ಕೊಂಡ ಹಾಗೆ ಮಾಡೋಳು."

ಅವಳು ಅಪ್ಪನತ್ತ ತಿರುಗಿದಳು. ಅಪ್ಪ ಪಟ್ಟಿಯನ್ನೇ ನೋಡುತ್ತಿದ್ದ. "ಮೂವತ್ತೊಂದು," ಅಂದ. "ರೈಟ್."

ಟ್ರ್ಯಾಕ್ಟರುಗಳು ಹೊರಟವು. ಎರಡೂ ಸಹಾಯಧನದ ಹಸಿರು ಫಲಕ ಹೊತ್ತಿದ್ದವು. 'ಉಳುಮೆಗಾಗಿ.'

*

"ಟಿಕೆಟ್ ಕೊಡ್ತಿರ್ಲಿಲ್ವಾ ನೀನು?"

ಅಪ್ಪ ಚಹಾ ಸೋಸುತ್ತಿದ್ದ. ಸೋಸಿ ಮುಗಿಸಿದ.

"ಟಿಕೆಟ್ ದರ ಕಟ್ಟೋದು ಸ್ಟೇಜಿನ ಲೆಕ್ಕದಲ್ಲಿ. ಕೂಡುರಸ್ತೆ ಒಂದು ಸ್ಟೇಜು," ಅಂದ. "ಇದು ಬಿಟ್ರೆ ಮುಂದಿನದು ಇಪ್ಪತ್ತೆರಡು ಕಿಲೋಮೀಟರಿಗೆ, ಕೊನೇ ಸ್ಟಾಪು. ಫಾರಂ ಗೇಟು ಒಂಬತ್ತಕ್ಕೇ ಬರುತ್ತೆ. ಅಲ್ಲಿ ಸ್ಟೇಜೇ ಇಲ್ಲ. ಸ್ಟೇಜಿಲ್ಲದ ಜಾಗಕ್ಕೆ ಯಂತ್ರ ಟಿಕೆಟ್ ಕೊಡಲ್ಲ. ಕೊನೇ ಸ್ಟಾಪಿನ ಪೂರ್ತಿ ಟಿಕೆಟ್ ಹರೀಬೇಕು. ಹೋಗೋಕೂ ಬರೋಕೂ ಹಾಗೆ ಹರಿದ್ರೆ ಅವರ ಅರ್ಧ ದಿನದ ಕೂಲಿ ನನ್ನ ಚೀಲಕ್ಕೇ ಬೀಳುತ್ತೆ. ಫಾರಂ ಗೇಟಿಗೆ ಒಂದು ಸ್ಟೇಜು ಕೊಡಿ ಅಂತ ಬರ್ದೆ. ಎಂಟು ವರ್ಷದಲ್ಲಿ ಒಂಬತ್ತು ಅರ್ಜಿ."

"ಏನಂದ್ರು?"

"ಪರಿಶೀಲನೆಯಲ್ಲಿದೆ ಅಂದ್ರು. ಇನ್ನೂ ಇರ್ಬೇಕು." ಲೋಟ ಅವಳ ಮುಂದೆ ಇಟ್ಟ. "ಅಲ್ಲೀವರೆಗೆ ಸುಮ್ನೆ ಕೂತ್ಕೊಳ್ರಮ್ಮ ಅಂದೆ. ಚೆಕಿಂಗ್ ಜೀಪು ಆ ಹಾಳು ರಸ್ತೆಗೆ ಯಾವತ್ತೂ ಇಳೀಲಿಲ್ಲ. ಒಂದು ಕಾಸು ಮುಟ್ಟಿಲ್ಲ ಕಣೇ, ಅವರನ್ನೇ ಕೇಳು."

"ಊರಿಗೆಲ್ಲ ಗೊತ್ತಿದ್ದು ನನಗ್ಯಾಕೆ ಗೊತ್ತಾಗ್ಲಿಲ್ಲ?"

"ನೀನು ಆಫೀಸಿನೋಳಾದೆ. ಅವಳ ಕಿವಿಗೆ ಹಾಕಬೇಡಿ, ಗೊತ್ತಾದ್ರೆ ಬರೀಬೇಕಾಗುತ್ತೆ, ಬರೀದಿದ್ರೆ ಅವಳಿಗೆ ತೊಂದ್ರೆ ಅಂತ ನಾನೇ ಎಲ್ಲರಿಗೂ ಹೇಳಿದ್ದೆ. ನಿಮ್ಮ ಚಿಕ್ಕಮ್ಮ ಅಂತೂ ನೀನು ಬಂದಾಗ ಬಸ್ಸಿನ ಮಾತೇ ಎತ್ತುತ್ತಿರ್ಲಿಲ್ಲ."

ಅದು ನಿಜ. ಚಿಕ್ಕಮ್ಮ ಟೊಮೆಟೊ ಗಿಡದ ರೋಗದ ಬಗ್ಗೆ ಮಾತಾಡುತ್ತಿದ್ದಳು, ಮೇಸ್ತ್ರಿಯ ಹೊಸ ಹಲ್ಲಿನ ಬಗ್ಗೆ ಮಾತಾಡುತ್ತಿದ್ದಳು. ಬಸ್ಸಿನ ಬಗ್ಗೆ ಆಡಿದ್ದು ನೆನಪಿಲ್ಲ.

"ಬಸ್ಸು ನಿಲ್ಲಿಸ್ತೀವಿ ಅಂದಾಗಲಾದ್ರೂ ಹೇಳ್ಬಹುದಿತ್ತಲ್ಲ ಅಪ್ಪ."

"ಹೇಳೋಣ ಅಂತಿದ್ದೆ." ಅಪ್ಪ ಗಡಿಯಾರದ ಕೆಳಗಿನ ತಗಡಿನ ಕಡೆ ನೋಡಿದ. "ನಾಚಿಕೆ ಆಯ್ತು."

ಮಂಚದ ಕೆಳಗಿನಿಂದ ಟ್ರಂಕು ಎಳೆದ. ಒಳಗೆ ರಟ್ಟಿನ ಪಟ್ಟಿಗಳು. ಹಾಲಿನ ಪೆಟ್ಟಿಗೆ, ಬೂಟಿನ ಡಬ್ಬಿ, ಸಾಬೂನಿನ ಕಾರ್ಟನ್ನು, ಸಿಕ್ಕಿದ್ದನ್ನೆಲ್ಲ ಕತ್ತರಿಸಿ ಮಾಡಿದವು. ತಿಂಗಳಿಗೊಂದು ತಂತಿಯಲ್ಲಿ ಪೋಣಿಸಿದ್ದ. ಪ್ರತಿ ಪಟ್ಟಿಯ ತುದಿಯಲ್ಲಿ ತಾರೀಖು, ಅಂಚಿನುದ್ದಕ್ಕೂ ತೂತುಗಳ ಸಾಲು.

"ಟಿಕೆಟ್ ಇಲ್ದಿದ್ರೆ ಯಾರು ಹೋದ್ರು, ಯಾರು ಬಂದ್ರು ಅಂತ ಗೊತ್ತಾಗೋದು ಹೇಗೆ? ಸಂಜೆ ಹೊತ್ತು ಆ ಗೇಟಲ್ಲಿ ಒಬ್ಬಳನ್ನ ಬಿಟ್ಟು ಬಂದ್ರೆ ಅವಳು ಒಂಬತ್ತು ಕಿಲೋಮೀಟರ್ ಕತ್ತಲೇಲಿ ನಡೀಬೇಕು. ಅದಕ್ಕೆ ಬೆಳಿಗ್ಗೆ ಹತ್ತಿದಾಗ ಒಂದು ತೂತು. ಸಂಜೆ ವಾಪಸ್ ಹತ್ತಿದ್ರೆ ಅದೇ ತೂತಿನ ಅಂಚು ಕತ್ತರಿಸಿ ಬಿಡಿಸೋದು. ಎಲ್ಲ ತೂತೂ ಬಾಯಿ ಬಿಟ್ಟಿದ್ರೆ ಎಲ್ಲರೂ ಬಂದ್ರು ಅಂತ. ಒಂದು ಮುಚ್ಕೊಂಡಿದ್ರೂ ನಾನು ರೈಟ್ ಅಂತಿರ್ಲಿಲ್ಲ."

ಅವಳು ಒಂದು ಪಟ್ಟಿ ಎತ್ತಿ ಎಣಿಸಿದಳು. ಮೂವತ್ತೊಂಬತ್ತು. ಇನ್ನೊಂದು. ಮೂವತ್ತೊಂಬತ್ತು. ಮತ್ತೊಂದು, ನಲವತ್ತೊಂದು. ಎಲ್ಲದರ ಅಂಚೂ ಬಾಚಣಿಗೆಯ ಹಲ್ಲಿನಂತೆ ಬಿಟ್ಟುಕೊಂಡಿತ್ತು. ಅದಕ್ಕೆ ಶೀಟಿನ ನಾಲ್ಕು ಸೇರಿಸಿದಳು. ತಲೆಗೆ ಮುನ್ನೂರು ಗ್ರಾಂ ಚಿಲ್ಲರೆ. ಭಾಗಾಕಾರ ತಾನಾಗಿಯೇ ನಡೆದುಹೋಯಿತು, ನಿಲ್ಲಿಸಲು ಆಗಲಿಲ್ಲ. ನೂರಾ ಹನ್ನೆರಡು ಮಾರ್ಗಗಳಲ್ಲಿ ಎಲ್ಲಕ್ಕಿಂತ ಶುದ್ಧವಾದದ್ದು ಹದಿನೇಳು.

"ಬಸ್ಸು ನಿಂತ ಮೇಲೂ ಮಾಡ್ತಾ ಇದೀಯಲ್ಲ?"

"ಯಾರಾದ್ರೂ ಎಣಿಸ್ಬೇಕಲ್ಲ."

ಎಲ್ಲಕ್ಕಿಂತ ಮೇಲಿನ ತಂತಿಯಿಂದ ಒಂದು ಪಟ್ಟಿ ಬಿಡಿಸಿ ಅವಳ ಕೈಗೆ ಕೊಟ್ಟ. ಮೂವತ್ತೆಂಟು ತೂತು. ತಾರೀಖು ಓದಬೇಕಾಗಿರಲಿಲ್ಲ. "ಆಸ್ಪತ್ರೆಯಿಂದ ಒಬ್ಬೊಬ್ಬರು ಮನೆಗೆ ಬಂದ ಹಾಗೆ ಕತ್ತರಿಸ್ತಾ ಬಂದೆ," ಅಂದ. "ರೇಡಿಯೋದು ಕೊನೇದು, ಮೂರು ವಾರ ಆದ್ಮೇಲೆ."

ಐದು ತೂತುಗಳು ಮುಚ್ಚಿಕೊಂಡೇ ಇದ್ದವು. ಯಾವುದು ಯಾರದೆಂದು ಗುರುತಿರಲಿಲ್ಲ. ಅವಳು ಬೆರಳಿಟ್ಟು ಒಂದೊಂದನ್ನೇ ದಾಟಿದಳು.

ಮಿಕ್ಕದ್ದು ಇಬ್ಬರಿಗೂ ಹೇಳದೆಯೇ ತಿಳಿದಿತ್ತು. ಈ ರಟ್ಟು ಹೊರಗೆ ಬಂದರೆ ಬಸ್ಸು ಖಾಲಿ ಇರಲಿಲ್ಲವೆಂದು ಸಾಬೀತಾಗುತ್ತದೆ. ಎಂಟು ವರ್ಷ ಟಿಕೆಟ್ ಹರಿಯದ ಕಂಡಕ್ಟರು ಯಾರೆಂಬುದೂ ಸಾಬೀತಾಗುತ್ತದೆ. ರಟ್ಟು ಟ್ರಂಕಿನಲ್ಲೇ ಇದ್ದರೆ ಅಪ್ಪ ದೂರುರಹಿತನಾಗಿ ಉಳಿಯುತ್ತಾನೆ, ಹೆಂಗಸರು ಟ್ರೇಲರಿನಲ್ಲಿ ಉಳಿಯುತ್ತಾರೆ.

"ಬೇಡ ಅಪ್ಪ. ನಾನು ಬೇರೆ ಏನಾದ್ರೂ ಹೇಳ್ತೀನಿ. ಮಾದರಿ ತಪ್ಪಿತ್ತು, ಮತ್ತೆ ಎಣಿಸಬೇಕು ಅಂತ..."

"ನಂಬ್ತಾರಾ?"

ಅವಳು ಆ ಪಟ್ಟಿಯನ್ನು ಮತ್ತೆ ತಂತಿಗೆ ಪೋಣಿಸಿದಳು.

"ತಲೆ ಮೇಲೆ ಬರೋದಾದ್ರೆ ಬರ್ಲಿ. ಬಸ್ಸು ಬರುತ್ತಲ್ಲ." ಚಹಾ ಆರಿ ಕೆನೆಗಟ್ಟಿತ್ತು. ಅಪ್ಪ ಅದನ್ನೇ ಕುಡಿದ.

*

ಜಿಲ್ಲಾ ಕಚೇರಿಯ ಸಭಾಂಗಣದಲ್ಲಿ ಉದ್ದನೆಯ ಮೇಜು, ಪ್ರತಿ ಕುರ್ಚಿಯ ಮುಂದೆ ಒಂದು ನೀರಿನ ಬಾಟಲಿ. ಸಮಿತಿಯ ಅಧ್ಯಕ್ಷೆ ವಯಸ್ಸಾದ ಹೆಂಗಸು. ಕನ್ನಡಕವನ್ನು ಹಣೆಗೇರಿಸಿ ಕೇಳುವವಳು, ಇಳಿಸಿ ಬರೆದುಕೊಳ್ಳುವವಳು.

ಕೃಷಿ ಇಲಾಖೆಯ ಅಧಿಕಾರಿ ಎದ್ದರು. ಸಹಾಯಧನ ಕೊಟ್ಟದ್ದು ಹೊಲ ಉಳಲು, ಜನ ಸಾಗಿಸಲು ಅಲ್ಲ, ಫಲಕದ ಮೇಲೇ ಬರೆದಿದೆ, ರಸ್ತೆ ಸಾರಿಗೆಯವರದು ಎಂದರು. ಪರಿಸರ ಇಲಾಖೆಯ ಅಧಿಕಾರಿಗೆ ಬಂದ ಅಂಕಿಗಳ ಪ್ರಕಾರ ಹೊಗೆ ಇಳಿದಿದೆ, ಬಾರದ ಅಂಕಿಗಳ ಬಗ್ಗೆ ಹೇಳಲು ಬರುವುದಿಲ್ಲ. ಉಪನಿರ್ದೇಶಕರು ಬಸ್ಸಿಲ್ಲದ ರಸ್ತೆಯಲ್ಲಿ ಆದದ್ದಕ್ಕೆ ಬಸ್ಸಿನ ಇಲಾಖೆ ಹೇಗೆ ಹೊಣೆ ಎಂದು ಕೇಳಿದರು. ಚೆಂಡು ಅವರಿಂದ ಇವರಿಗೆ, ಇವರಿಂದ ಅವರಿಗೆ. ಅಧ್ಯಕ್ಷೆಯ ಕನ್ನಡಕ ಹಣೆಯ ಮೇಲೇ ಇತ್ತು.

"ಐದು ಜನ ಸತ್ತಿದಾರೆ," ಅಧ್ಯಕ್ಷೆ ಅಂದಳು. "ಮೂರು ಇಲಾಖೆ ಸೇರಿ ಒಬ್ಬ ಹೊಣೆಗಾರನ್ನ ತೋರಿಸೋಕಾಗಲ್ವಾ?"

ಆಗ ಉಪನಿರ್ದೇಶಕರು ಶೀಟು ಓದಲು ಅವಳನ್ನು ಕರೆದರು. ಅವಳು ಶೀಟುಗಳನ್ನು ಓದಿದಳು. ನಾಲ್ಕು. ನಾಲ್ಕು. ಐದು. ನಾಲ್ಕು. ಕೊನೆಗೆ, ಕೇಳಿದರೆಂದು, ತನ್ನ ವಾಕ್ಯವನ್ನೂ ಓದಿದಳು.

"ಅಷ್ಟೇನಾ?"

ಹಿಂದಿನ ಸಾಲಿನಲ್ಲಿ ಅಪ್ಪ, ನಿವೃತ್ತಿಯ ದಿನದ ಕೋಟಿನಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನು ಸ್ಟಾಪು ಬಂದಾಗ ಡ್ರೈವರಿಗೆ ಮಾಡುತ್ತಿದ್ದ ಹಾಗೆ ಸಣ್ಣಗೆ ತಲೆ ಆಡಿಸಿದ.

"ಅಷ್ಟೇ ಅಲ್ಲ ಮೇಡಂ. ಇದು ತಪ್ಪು."

ಉಪನಿರ್ದೇಶಕರ ಪೆನ್ನು ನಿಂತಿತು.

ಅಪ್ಪ ಮುಂದೆ ಬಂದು ಪಟ್ಟಿಗಳನ್ನು ಮೇಜಿನ ಮೇಲೆ ಸುರಿದ. ನೀರಿನ ಬಾಟಲಿಗಳನ್ನು ಸರಿಸಬೇಕಾಯಿತು. ತೂತು ಏನು, ಅಂಚು ಏನು ಎಂದು ವಿವರಿಸಿದ. ಒಂಬತ್ತು ಅರ್ಜಿಗಳ ನಕಲು ಇಟ್ಟ. ಅಧ್ಯಕ್ಷೆ ಆ ದಿನದ ಪಟ್ಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅಪ್ಪನ ಪಕ್ಕ ನಿಂತ ಅವಳಿಗೆ ಆ ಕ್ಷಣಕ್ಕೆ ಬಸ್ಸು ಬರುತ್ತದೆ ಎನಿಸಿತು. ನಿಜಕ್ಕೂ ಅನಿಸಿತು.

"ಅಂದ್ರೆ," ಕೃಷಿ ಅಧಿಕಾರಿ ಮೆಲ್ಲಗೆ ಕೇಳಿದರು, "ದಿನಕ್ಕೆ ಮೂವತ್ತೊಂಬತ್ತು ಜನ, ಎಂಟು ವರ್ಷ, ಟಿಕೆಟ್ ಇಲ್ದೆ?"

"ಹೌದು ಸಾರ್."

"ಶೀಟಿನ ಮೇಲೆ ನಾಲ್ಕು ಅಂತ ಸಹಿ ಹಾಕ್ದೋರು ನೀವೇ?"

"ಟಿಕೆಟ್ ಹರಿದದ್ದು ನಾಲ್ಕೇ ಸಾರ್."

"ಆ ಶೀಟು ನಂಬಿಯೇ ಇಲಾಖೆ ಬಸ್ಸು ನಿಲ್ಲಿಸಿದ್ದು."

ಅಪ್ಪ ಮೇಜಿನ ಮೇಲೆ ಚೆದುರಿದ ಪಟ್ಟಿಗಳನ್ನು ಒಟ್ಟು ಮಾಡಿದ.

ಕೋಣೆಯಲ್ಲಿ ಏನೋ ಸಡಿಲವಾಯಿತು. ಕೃಷಿ ಅಧಿಕಾರಿ ಬಾಟಲಿಯ ಮುಚ್ಚಳ ತಿರುವಿ ನೀರು ಕುಡಿದರು. ಪರಿಸರದವರು ಕುರ್ಚಿಗೆ ಒರಗಿದರು. ಉಪನಿರ್ದೇಶಕರು ನಿಂತಿದ್ದ ಪೆನ್ನನ್ನು ಮತ್ತೆ ಓಡಿಸಿದರು. ಅಧ್ಯಕ್ಷೆ ಕನ್ನಡಕ ಇಳಿಸಿಕೊಂಡಳು.

"ಆ ಅರ್ಜಿಗಳು ಮೇಡಂ," ಅವಳು ಅಂದಳು. "ಒಂಬತ್ತು ಸಲ ಸ್ಟೇಜ್ ಕೇಳಿದಾರೆ. ಕೊಟ್ಟಿದ್ರೆ..."

"ಅದು ಬೇರೆ ವಿಷಯಮ್ಮ," ಅಧ್ಯಕ್ಷೆ ಬರೆಯುತ್ತಲೇ ಹೇಳಿದಳು. ಒರಟಾಗಿ ಹೇಳಲಿಲ್ಲ.

*

ವರದಿ ಆರು ವಾರಕ್ಕೆ ಬಂತು. ಸಾರಿಗೆ ಇಲಾಖೆ ತನಗೆ ದೊರೆತ ಅಂಕಿಗಳ ಮೇಲೆ ಸದುದ್ದೇಶದಿಂದ ನಡೆದುಕೊಂಡಿದೆ. ಕೃಷಿ ಇಲಾಖೆ ಫಲಕದ ಅಕ್ಷರಗಳನ್ನು ದೊಡ್ಡದಾಗಿ ಬರೆಸತಕ್ಕದ್ದು. ಪರಿಸರ ಇಲಾಖೆಯ ಮೇಲೆ ಯಾವ ಆಕ್ಷೇಪವೂ ಇಲ್ಲ. ಸುಳ್ಳು ಶೀಟಿಗೆ ಸಹಿ ಹಾಕಿ ಮಾರ್ಗ ನಿಲ್ಲಲು ಕಾರಣನಾದ ನಿವೃತ್ತ ಕಂಡಕ್ಟರನ ಮೇಲೆ ವಿಚಾರಣೆ ನಡೆಸಿ, ಅಲ್ಲಿಯವರೆಗೆ ಅವನ ಪಿಂಚಣಿ ತಡೆಹಿಡಿಯತಕ್ಕದ್ದು. ಟಿಕೆಟ್ ಇಕ್ಕಳವನ್ನು ನಿವೃತ್ತಿಯ ನಂತರವೂ ಇಟ್ಟುಕೊಂಡದ್ದು ಪ್ರತ್ಯೇಕ ಅಪರಾಧ. ಇಕ್ಕಳವನ್ನೂ ಪಟ್ಟಿಗಳನ್ನೂ ಗೋಣಿಚೀಲದಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿ, ದಾಖಲೆ ಕೋಣೆಗೆ ಒಯ್ದರು. ತಗಡನ್ನು ವಾಪಸು ಕೇಳಿದರು. ಗಡಿಯಾರ ಬಿಟ್ಟರು.

ಕೊನೆಯ ಪುಟದಲ್ಲಿ ಹದಿನೇಳರ ಮಾತಿತ್ತು. ಮಾರ್ಗ ಮತ್ತೆ ಆರಂಭಿಸುವ ಮೊದಲು ಪ್ರಯಾಣಿಕರ ಹೊಸ ಎಣಿಕೆ ನಡೆಯಬೇಕು. ನಿಯಮದಂತೆ ಎಣಿಕೆಯನ್ನು ಓಡುತ್ತಿರುವ ಬಸ್ಸಿನ ಒಳಗೇ ನಡೆಸಬೇಕು.

"ಬಸ್ಸೇ ಓಡ್ತಿಲ್ವಲ್ಲ ಸಾರ್," ಅವಳು ಉಪನಿರ್ದೇಶಕರನ್ನು ಕೇಳಿದಳು. "ಎಲ್ಲಿ ಎಣಿಸೋದು?"

"ಅದನ್ನೇ ಸ್ಪಷ್ಟೀಕರಣ ಕೇಳಿ ಬರ್ದಿದೀವಿ."

ಅವಳು ಹೊಸ ಲೆಕ್ಕವನ್ನು ಬರೆದು ಮೇಲಕ್ಕೆ ಕಳಿಸಿದಳು. ನಲವತ್ತಮೂರು ಜನ, ತಲೆಗೆ ಮುನ್ನೂರ ಹದಿನಾಲ್ಕು ಗ್ರಾಂ. ಈ ಸಲ ವಾಕ್ಯ ಬರೆಯಲಿಲ್ಲ. ಮೂರನೇ ದಿನ ಕಡತ ಹಿಂತಿರುಗಿತು. ಪಕ್ಕದಲ್ಲಿ ಕೆಂಪು ಶಾಯಿ: 'ಅಧಿಕೃತ ಮೂಲವಿಲ್ಲ.' ಅವಳನ್ನು ಯಾರೂ ಏನೂ ಮಾಡಲಿಲ್ಲ. ಅದೇ ಮೇಜು, ಅದೇ ಕುರ್ಚಿ. ತಿಂಗಳ ಶೀಟುಗಳು ಮೊದಲಿನಂತೆಯೇ ಬಂದವು. ಮೆಟ್ಟಿಲ ಬಳಿಯ ಡ್ರೈವರುಗಳು ಮಾತ್ರ ಅವಳು ಹಾದುಹೋಗುವಾಗ ಈಗ ಸುಮ್ಮನಾಗುತ್ತಿದ್ದರು.

ಆ ಶನಿವಾರ ಅವಳು ಕೂಡುರಸ್ತೆಗೆ ಹೊರಟಾಗ ಚೀಲದಲ್ಲಿ ಎರಡು ವಸ್ತುಗಳಿದ್ದವು. ಮೇಜಿನ ಕೆಳಗಿನ ಕಟ್ಟಿನಿಂದ ತೆಗೆದ ನಾಲ್ಕು ವಾರ್ಷಿಕ ವರದಿಗಳು. ಆಫೀಸಿನಲ್ಲಿ ಕಡತಕ್ಕೆ ತೂತು ಹಾಕುವ ಪಂಚಿಂಗ್ ಮಷಿನ್.

ಅಪ್ಪ ಬೆಂಚಿನ ಮೇಲೆ ಕೂತಿದ್ದ. ಇಕ್ಕಳ ಹೋದ ಮೇಲೆ ಅವನು ಬೆಳಿಗ್ಗೆ ಕಂಬದ ಬಳಿ ನಿಂತು ಬೆರಳು ಮಡಿಚಿ ಎಣಿಸುತ್ತಿದ್ದನಂತೆ. ಮನೆಗೆ ಬರುವಷ್ಟರಲ್ಲಿ ಮರೆತು, ಯಾರನ್ನೋ ಕೇಳಲು ಮತ್ತೆ ರಸ್ತೆಗೆ ಓಡುತ್ತಿದ್ದನಂತೆ. ರೇಡಿಯೋ ಹೇಳಿದಳು.

ಅವಳು ವರದಿಗಳ ಹೊದಿಕೆ ಕಿತ್ತು, ಅಡುಗೆಯ ಕತ್ತರಿಯಲ್ಲಿ ಉದ್ದುದ್ದಕ್ಕೆ ಪಟ್ಟಿ ಮಾಡಿದಳು. ಹಸಿರು ಪಟ್ಟಿಗಳ ಮೇಲೆ ಬಿಳಿ ಅಕ್ಷರಗಳು ತುಂಡಾದವು. ಅಪ್ಪ ಒಂದನ್ನು ಬಗ್ಗಿಸಿ ನೋಡಿದ. "ಒಳ್ಳೇ ರಟ್ಟು," ಅಂದ. ಮಷಿನ್ನಿಗೆ ಕೊಟ್ಟು ಒತ್ತಿದ. ಎರಡು ತೂತು ಬಿತ್ತು.

"ಇದು ಒಬ್ಬರಿಗೆ ಎರಡೆರಡು ಹಾಕುತ್ತಲ್ಲೇ."

"ಇರ್ಲಿ ಅಪ್ಪ. ಒಂದು ಹೋಗೋಕೆ, ಒಂದು ಬರೋಕೆ. ಬಂದಾಗ ಎರಡನೇದನ್ನ ಬಿಡಿಸು."

ಅಪ್ಪ ಇನ್ನೊಮ್ಮೆ ಒತ್ತಿ ನೋಡಿದ. "ಆಗುತ್ತೆ," ಅಂದ.

ಭಾನುವಾರ ಬೆಳಿಗ್ಗೆ ಅವಳೇ ಒತ್ತಿದಳು, ಅಪ್ಪ ಎಣಿಸಿದ. ಮೂವತ್ತಮೂರು. ಇಬ್ಬರು ಹೊಸಬರು ಸೇರಿದ್ದರು. ಅದರಲ್ಲೊಬ್ಬಳು ಚಿಕ್ಕಮ್ಮನ ಬೂಟು ಹಾಕಿಕೊಂಡಿದ್ದಳು. ಅಪ್ಪ ಕೊಟ್ಟದ್ದಿರಬೇಕು.

"ಬಸ್ಸು ಯಾವಾಗ ತಂಗಿ?" ರೇಡಿಯೋ ಮೇಲಿಂದ ಕೇಳಿದಳು. ಈ ಸಲ ದನಿಯಲ್ಲಿ ಕೊಂಕು ಇರಲಿಲ್ಲ.

"ಸ್ಪಷ್ಟೀಕರಣ ಕೇಳಿದಾರೆ."

"ಓ. ಅದು ಯಾವ ನಂಬರ್ ಬಸ್ಸು?"

ಯಾರೂ ನಗಲಿಲ್ಲ. ಟ್ರ್ಯಾಕ್ಟರುಗಳ ಮೇಲೆ ಹೊಸ ಫಲಕ ಬಂದಿತ್ತು. ಅಕ್ಷರಗಳು ಎರಡು ಪಟ್ಟು ದೊಡ್ಡವು. ಅಪ್ಪ "ರೈಟ್" ಎಂದ ಮೇಲೆ ಅವು ಹೊರಟವು.

ಅವಳು ಅವತ್ತು ಹೆದ್ದಾರಿಯ ಬಸ್ಸು ಹಿಡಿಯಲಿಲ್ಲ. ಸಂಜೆ ಕಂಬದ ಬಳಿ ಅಪ್ಪನ ಪಕ್ಕದಲ್ಲಿ ಕತ್ತರಿ ಹಿಡಿದು ನಿಂತಳು. ಮೊದಲ ಟ್ರೇಲರ್ ಬಂತು. ಇಳಿದವರಿಗೆಲ್ಲ ಒಂದೊಂದು ಅಂಚು ಕತ್ತರಿಸಿದಳು. ಹದಿನಾರು. ಎರಡನೆಯದು ಇನ್ನೂ ಬಂದಿರಲಿಲ್ಲ. ಇಳಿದ ಹೆಂಗಸರು ಮನೆಗೆ ಹೋಗದೆ ಅಲ್ಲೇ ನಿಂತರು. ದೀಪ ಹೊತ್ತಿಕೊಂಡಿತು. ಅಪ್ಪ ಪಟ್ಟಿಯನ್ನು ಅವಳ ಕೈಯಿಂದ ತೆಗೆದುಕೊಂಡು, ಉಳಿದ ಹದಿನೇಳು ತೂತುಗಳ ಮೇಲೆ ಬೆರಳಿಟ್ಟು, ರಸ್ತೆಯನ್ನು ನೋಡುತ್ತ ನಿಂತ.